ಸೌಂದರ್ಯದ ಮಾತ್ರೆ, ಪುಡಿಗಳ ಡಬ್ಬಿಯೊಳಗೇನಿದೆ ಎಂದು ಒಮ್ಮೆ ನೋಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಹೋದ ವರ್ಷ ಅಮ್ಮನ ಥೈರಾಯ್ಡ್ ವರದಿ ನೋಡಿ ವೈದ್ಯರು ಹುಬ್ಬು ಗಂಟಿಕ್ಕಿದರು. ಥೈರಾಯ್ಡ್ ಹಾರ್ಮೋನಾದ ಟಿ4 ಹೆಚ್ಚು, ಅದನ್ನು ನಿಯಂತ್ರಿಸುವ ಟಿಎಸ್‌ಎಚ್ ತೀರಾ ಕಡಿಮೆ; ಅಂದರೆ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವ ಸೂಚನೆ. ಆದರೆ ಎದುರಿಗೆ ಕುಳಿತವರಿಗೆ ಕೈನಡುಕವಿಲ್ಲ, ತೂಕವೂ ಇಳಿದಿಲ್ಲ. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಮೂರನೇ ಸಲ ಕೇಳಿದ ಮೇಲೆ, "ಮಾತ್ರೆಯಲ್ಲ ಡಾಕ್ಟ್ರೇ, ಚರ್ಮಕ್ಕೂ ಕೂದಲಿಗೂ ಒಳ್ಳೆಯದಂತೆ" ಎನ್ನುತ್ತಾ ಅಮ್ಮ ಚೀಲದಿಂದ ಡಬ್ಬಿ ತೆಗೆದರು. ಬಯೋಟಿನ್ ಎಂಬ ವಿಟಮಿನ್, 10,000 ಮೈಕ್ರೋಗ್ರಾಂ. ದೇಹಕ್ಕೆ ದಿನಕ್ಕೆ ಬೇಕಾದದ್ದು 40ರ ಆಸುಪಾಸು. ಅಷ್ಟೊಂದು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಪರೀಕ್ಷೆಗಳ ಲೆಕ್ಕವೇ ತಪ್ಪುತ್ತದೆ. ಅದನ್ನು ಬಿಟ್ಟು, ವಾರ ಕಳೆದು ಮತ್ತೆ ರಕ್ತ ಕೊಟ್ಟಾಗ ಎಲ್ಲವೂ ಸರಿಯಿತ್ತು.

ಆ ಡಬ್ಬಿಯ ಮೇಲೆ ಪ್ರಮಾಣವನ್ನಾದರೂ ಬರೆದಿದ್ದರು. ಯೌವನ ಉಳಿಸುತ್ತದೆನ್ನುವ ಕೊಲಾಜೆನ್ ಪುಡಿ, ಬಿಳುಪಿನ ಆಸೆ ಹುಟ್ಟಿಸುವ ಗ್ಲುಟಾಥಿಯೋನ್ ಮಾತ್ರೆಗಳಲ್ಲಿ ಬರೆದಷ್ಟೇ ಇದೆಯೆಂದು ನೋಡಿದವರು ಯಾರು? ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತಿನ ಕೆಳಗಿನ 14 ಅಂಕಿಗಳನ್ನು ಜನ ಸರ್ಕಾರದ ಮೆಚ್ಚುಗೆಯ ಮುದ್ರೆ ಎಂದುಕೊಂಡಿದ್ದಾರೆ. ಅದು ವ್ಯಾಪಾರದ ಪರವಾನಗಿ, ಅಷ್ಟೇ.

2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಮಾರುವವನಿಗೆ ಆ ವಿಷಯ ತಿಳಿಸಿರಬೇಕು. ಮೊಬೈಲಿನಲ್ಲಿ ತರಿಸಿಕೊಂಡ ಡಬ್ಬಿಗೆ ಯಾರಿಗೆ ತಿಳಿಸುವುದು ಸ್ವಾಮಿ? ಬಾಗಿಲಿಗೆ ಬಂದ ಹುಡುಗನಿಗೆ ಹೇಳಿದರೆ ಅವನು ಒಟಿಪಿ ಕೇಳುತ್ತಾನೆ.

ಹಾಗಾಗಿ ಈ ಕೆಲಸ ತಮ್ಮ ಇಲಾಖೆಯದೇ. 2024ರಲ್ಲಿ ಗೋಬಿ ಮಂಚೂರಿಯ 171 ಮಾದರಿ ತರಿಸಿ, 107ರಲ್ಲಿ ಅಪಾಯಕಾರಿ ಬಣ್ಣವಿದೆಯೆಂದು ಊರಿಗೆಲ್ಲ ಸಾರಿದ್ದು ಇದೇ ಇಲಾಖೆ. ತಳ್ಳುಗಾಡಿಯವನ ಬಾಣಲೆಗೆ ಇಣುಕಿದ ಕಣ್ಣು ಸಾವಿರಾರು ರೂಪಾಯಿಯ ಡಬ್ಬಿಗಳತ್ತಲೂ ಹೊರಳಲಿ. ಅಂಗಡಿಯಿಂದಲೂ ಆನ್‌ಲೈನ್‌ನಿಂದಲೂ ಸಾಮಾನ್ಯ ಗಿರಾಕಿಯಂತೆ ಕೊಂಡು ತನ್ನಿ. ಪ್ರಮಾಣವನ್ನೂ, ಸೀಸ, ಪಾದರಸವನ್ನೂ ಅಳೆಯಿರಿ. ಸುಕ್ಕು ಹೋಗುತ್ತದೆಯೇ ಎಂಬುದು ಪ್ರಯೋಗಾಲಯ ಹೇಳುವ ಮಾತಲ್ಲ, ಹೋಗುತ್ತದೆ ಎಂದವರು ಸಾಬೀತು ಮಾಡಬೇಕಾದದ್ದು. ಸುಳ್ಳು ಜಾಹೀರಾತಿಗೆ ಅದೇ ಕಾಯ್ದೆಯ 53ನೇ ಸೆಕ್ಷನ್ನಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಬಳಸಿ.

ಇನ್ನೊಂದು ಮನವಿ. ವರದಿಯಲ್ಲಿ "ಕೆಲವು ಕಂಪನಿಗಳು" ಎಂದು ಬರೆದು ಮುಗಿಸಬೇಡಿ. ಹೆಸರು, ಬ್ಯಾಚ್ ಸಂಖ್ಯೆ ಎರಡೂ ಕನ್ನಡದಲ್ಲಿರಲಿ. ಅಮ್ಮ ಕನ್ನಡಕ ಹಾಕಿಕೊಂಡು ಡಬ್ಬಿ ತಿರುಗಿಸಿ ಹೋಲಿಸಿ ನೋಡುತ್ತಾರೆ.

ಇತಿ,
ಬೆಂಗಳೂರಿನ ಒಬ್ಬ ಮಗಳು