ಮಣಿಪಾಲ ಮುಟ್ಟುವವರೆಗೆ ಕಾಯದ ಜ್ವರ

ಸಂಪಾದಕರಿಗೆ ನಮಸ್ಕಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗುತ್ತ ವರ್ಷಗಳೇ ಕಳೆದವು. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರ ಜಿಲ್ಲೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿದಾಗ ಆ ಕೂಗು ಮತ್ತೂ ಜೋರಾಯಿತು. ಆಸ್ಪತ್ರೆ ಬರಲಿ, ಬೇಗ ಬರಲಿ. ನಾನು ಈಗ ಕೇಳುವುದು ಅದಕ್ಕಿಂತ ತುಂಬ ಸಣ್ಣದು.

ನಮ್ಮ ಅಕ್ಕನ ಮೊಮ್ಮಗನಿಗೆ ಆರು ವರ್ಷ. ರಕ್ತದ ಕ್ಯಾನ್ಸರ್, ಮಕ್ಕಳಲ್ಲಿ ಜಾಸ್ತಿ ಕಾಣುವ ಎಎಲ್‌ಎಲ್ ಅನ್ನುವ ಬಗೆ. ಮಣಿಪಾಲದಲ್ಲಿ ಚಿಕಿತ್ಸೆ, ಎರಡೂವರೆ ವರ್ಷದ ಕೋರ್ಸು. ಅಲ್ಲಿನ ಡಾಕ್ಟರು ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟಿದ್ದಾರೆ: ಜ್ವರ 101 ದಾಟಿದರೆ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್. ಕೀಮೋ ಆದ ಮಗುವಿನ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಸೋಂಕು ತಗುಲಿದರೆ ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ.

ಕಳೆದ ಆಷಾಢದಲ್ಲಿ ಒಂದು ರಾತ್ರಿ ಒಂದು ಗಂಟೆಗೆ ಥರ್ಮಾಮೀಟರ್ 102 ತೋರಿಸಿತು. ಹೊರಗೆ ಧೋ ಅಂತ ಮಳೆ. ಹತ್ತಿರದ ಆಸ್ಪತ್ರೆಗೆ ಓಡಿದೆವು. ಹುಡುಗ ಸೂಜಿ ಚುಚ್ಚುತ್ತಾರೆಂದು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೂತಿದ್ದ. ಚುಚ್ಚುವವರೇ ಇರಲಿಲ್ಲ. ಡ್ಯೂಟಿ ಡಾಕ್ಟರು ಫೈಲು ತಿರುವಿ ನೋಡಿ, "ಇದನ್ನ ನಾವು ಮುಟ್ಟೋದಿಲ್ಲ, ಮಣಿಪಾಲಕ್ಕೇ ಹೋಗ್ಬಿಡಿ" ಅಂದರು. ಬೇಕಾದ ಇಂಜೆಕ್ಷನ್ ಅದೇ ಕಟ್ಟಡದ ಮೆಡಿಕಲ್ ಶಾಪಿನಲ್ಲಿತ್ತು! ಭಟ್ಕಳ, ಕುಂದಾಪುರ ದಾಟಿ ಮಣಿಪಾಲ ಮುಟ್ಟಿದಾಗ ನಾಲ್ಕೂವರೆ. ಐದು ದಿನ ಐಸಿಯುದಲ್ಲಿದ್ದು ಹುಡುಗ ಉಳಿದ.

ಈ ಕಾಯಿಲೆಗೆ ಹಿಂದೆ ಮದ್ದೇ ಇರಲಿಲ್ಲ. 1948ರಲ್ಲಿ ಅಮೆರಿಕದ ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಒಂದು ಮದ್ದು ಕೊಟ್ಟು ಕೆಲವು ಮಕ್ಕಳಲ್ಲಿ ಇದನ್ನು ಸ್ವಲ್ಪ ಕಾಲವಾದರೂ ತಡೆದು ತೋರಿಸಿದರು. ಅವರಿಗೆ ಆ ಮದ್ದು ಮಾಡಿಕೊಟ್ಟದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. (ಇದು ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ, ಅಲ್ವಾ?) ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನಮ್ಮ ಹುಡುಗ ಈಗ ವಾರಕ್ಕೊಮ್ಮೆ ನುಂಗುತ್ತಾನೆ. ಶ್ರೀಮಂತ ದೇಶಗಳಲ್ಲಿ ಇವತ್ತು ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ. ಅದು ಬರೀ ಹೊಸ ಮದ್ದಿನಿಂದ ಆದದ್ದಲ್ಲ. ಹಳೇ ಮದ್ದನ್ನೇ ಎಷ್ಟು, ಯಾವಾಗ ಕೊಡಬೇಕು, ಸೋಂಕನ್ನು ಹೇಗೆ ತಡೆಯಬೇಕು ಅಂತ ಹತ್ತಾರು ಆಸ್ಪತ್ರೆಗಳು ಸೇರಿ ವರ್ಷಗಟ್ಟಲೆ ಲೆಕ್ಕ ಇಟ್ಟು ಕಲಿತವು. ಆ ಕಲಿಕೆ ನಮ್ಮ ಫೈಲಿನ ಮೇಲಿದೆ, ನಮ್ಮೂರಿನ ಆಸ್ಪತ್ರೆಗೆ ಬಂದಿಲ್ಲ.

ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ (ಕೀಮೋ ತಗೊಂಡು ಅದೇ ದಿನ ಮನೆಗೆ ಹೋಗುವ ವಿಭಾಗ) ಮಾಡುತ್ತೇವೆ ಅಂತ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿದೆ. ಕಾರವಾರದ ಡೇ ಕೇರ್‌ನಲ್ಲಿ ಮಕ್ಕಳಿಗೂ ಎರಡು ಹಾಸಿಗೆ ಇರಲಿ, ಮಕ್ಕಳ ನರ ಹುಡುಕಬಲ್ಲ ನರ್ಸ್ ಇರಲಿ. ಪ್ರತಿ ತಾಲೂಕು ಆಸ್ಪತ್ರೆಯ ಎಮರ್ಜೆನ್ಸಿ ಗೋಡೆಗೆ ಈ ಜ್ವರಕ್ಕೆ ಏನು ಕೊಡಬೇಕೆಂಬ ಒಂದು ಹಾಳೆ ಅಂಟಿಸಿ, ಮಧ್ಯರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ಬರೆಯಿರಿ. ಶಿರಸಿಯವರು ಹುಬ್ಬಳ್ಳಿಗೆ ಓಡುತ್ತಾರೆ, ಕಾರವಾರದವರು ಗೋವಾಕ್ಕೆ. ಮೊದಲ ಡೋಸು ಇಲ್ಲೇ ಬೀಳಲಿ, ಆಮೇಲೆ ಹೊರಡೋಣ.

ಆ ಡ್ಯೂಟಿ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕ ಪ್ರಾಯದವರು. ಯಾರಿಗೆ ಫೋನ್ ಮಾಡಿ ಕೇಳಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಮುಂದಿನ ಮಳೆಗಾಲದೊಳಗೆ ಇಷ್ಟಾದರೂ ಆಗಲಿ. ನಮ್ಮ ಹುಡುಗನ ಕೋರ್ಸು ಇನ್ನೂ ಹದಿನಾಲ್ಕು ತಿಂಗಳಿದೆ.

ನಿಮ್ಮ ಓದುಗ,
ಕುಮಟಾ