ಅಮ್ಮ ಎಫೆಸಸ್ ಪೂರ್ತಿ ನಡೆದರು, ನಿಮಗೆಲ್ಲ ಥ್ಯಾಂಕ್ಸ್

ಹೋದ ವರ್ಷ ಯುಗಾದಿಯ ಹಿಂದಿನ ದಿನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದು ನಿಮಗೆ ಗೊತ್ತೇ ಇದೆ. ಆಪರೇಷನ್ ಆಯ್ತು, ವಾಕರ್ ಬಂತು, ಆಮೇಲೆ ಕೋಲು. ಹಾಸಿಗೆಯಲ್ಲಿ ಮಲಗಿಕೊಂಡೇ ಅಮ್ಮ ಒಂದು ದಿನ ಕೇಳಿದರು, "ಇನ್ನು ಟರ್ಕಿ ನೋಡೋದು ಆಗಲ್ಲ, ಅಲ್ವಾ?"

ಅಮ್ಮ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ವಶಪಡಿಸಿಕೊಂಡರು ಅಂತ ಎಷ್ಟೋ ಬ್ಯಾಚಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು. ಕಳೆದ ವಾರ ಆ ದೇಶಕ್ಕೆ ಹೋಗಿಬಂದೆವು. ಇಸ್ತಾಂಬುಲ್ ಕಥೆ ಇನ್ನೊಂದು ದಿನ ಹೇಳುತ್ತೇನೆ. ಇವತ್ತು ಎಫೆಸಸ್ ಎಂಬ ಪಾಳುಬಿದ್ದ ಪುರಾತನ ನಗರದ ಕಥೆ ಮಾತ್ರ.

ಮೇಲಿನ ಗೇಟಿನಿಂದ ಹೋದರೆ ದಾರಿಯೆಲ್ಲ ಇಳಿಜಾರು. ಅಮೃತಶಿಲೆಯ ಹಾಸು, ಜನ ನಡೆದು ನಡೆದು ನುಣ್ಣಗಾಗಿದೆ. ನನಗೆ ಎದೆ ಡವಡವ. ಅಮ್ಮ ಮೊದಲು ಕೋಲು ಊರಿದರು, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಇನ್ನೊಂದು ಕಾಲು. ಫಿಸಿಯೋ ಮೇಡಂ, ನೀವು ನಮ್ಮ ಮನೆ ಮೆಟ್ಟಿಲ ಮೇಲೆ ಹೇಳಿಕೊಟ್ಟಿದ್ದು ಇದನ್ನೇ. ನಿಮ್ಮನ್ನು ಅಲ್ಲಿ ಎಷ್ಟು ನೆನೆದೆವೋ!

ಸೆಲ್ಸಸ್ ಗ್ರಂಥಾಲಯದ ಮುಂದೆ ಅಮ್ಮ ಕೂತೇಬಿಟ್ಟರು. ಸೆಲ್ಸಸ್ ಎಂಬ ರೋಮನ್ ಅಧಿಕಾರಿಯ ಮಗ ಅಪ್ಪನ ನೆನಪಿಗೆ ಕಟ್ಟಿಸಿದ ಗ್ರಂಥಾಲಯ ಅದು. ಅಪ್ಪನ ಸಮಾಧಿ ಅದರ ಕೆಳಗೇ ಇದೆ. ಭೂಕಂಪಕ್ಕೆ ಬಿದ್ದುಹೋಗಿದ್ದ ಮುಂಭಾಗವನ್ನು 1970ರ ದಶಕದಲ್ಲಿ ಚೂರು ಚೂರು ಜೋಡಿಸಿ ಎತ್ತಿ ನಿಲ್ಲಿಸಿದ್ದಾರೆ. ಮುಂದೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಕೂರುವ ದೊಡ್ಡ ರಂಗಮಂದಿರ. ಅದರೆದುರು ಹಳೆಯ ಬಂದರಿನ ಕಡೆ ಹೋಗುವ ನೇರ ದಾರಿ. ಆದರೆ ಸಮುದ್ರ ಕಾಣುವುದಿಲ್ಲ. ನದಿ ತಂದ ಹೂಳು ತುಂಬಿ ಬಂದರು ಮುಚ್ಚಿಹೋಯಿತು, ವ್ಯಾಪಾರ ಹೋಯಿತು, ಊರೂ ಹೋಯಿತು. ಅಮ್ಮ ಇದನ್ನೆಲ್ಲ ಕೋಲು ಎತ್ತಿ ತೋರಿಸುತ್ತಾ ಪಾಠದ ಹಾಗೆ ಹೇಳಿದರು. ಅವರ ಆ ದನಿ ಕೇಳಿ ಒಂದು ವರ್ಷದ ಮೇಲಾಗಿತ್ತು. ನಾನು ಸುಮ್ನೆ ನಿಂತು ಅತ್ತೆ.

ಮಧ್ಯಾಹ್ನ ಶಿರಿಂಜೆ ಎಂಬ ಹಳ್ಳಿಯಲ್ಲಿ ಊಟ. ಒಬ್ಬ ಅಜ್ಜಿ ನೆಲದ ಮೇಲೆ ಕೂತು ಗೋಝ್ಲೆಮೆ ಮಾಡುತ್ತಿದ್ದರು. ನಮ್ಮದಕ್ಕಿಂತ ತೆಳ್ಳಗಿನ, ಉದ್ದನೆಯ ಲಟ್ಟಣಿಗೆ. ಹಿಟ್ಟನ್ನು ಅದಕ್ಕೇ ಸುತ್ತಿ, ಬಿಚ್ಚಿ, ಹೋಳಿಗೆಗಿಂತ ತೆಳ್ಳಗೆ ಲಟ್ಟಿಸಿದರು. ಪಾಲಕ್, ಬಿಳಿ ಚೀಸ್ ಹರಡಿ ಮಡಚಿ ಕಾವಲಿಗೆ ಹಾಕಿದರು. ಜೊತೆಗೆ ಐರಾನ್, ನಮ್ಮ ಉಪ್ಪು ಮಜ್ಜಿಗೆಯೇ ಅನ್ನಿ. ಅಮ್ಮನ ಕೋಲು ನೋಡಿ ಆ ಅಜ್ಜಿ "ಗೆಚ್ಮಿಶ್ ಓಲ್ಸುನ್" ಅಂದರು. ಕಷ್ಟ ಕಳೆದುಹೋಗಲಿ ಅಂತ ಅರ್ಥವಂತೆ. ಅಮ್ಮ ಡ್ರೈವರ್ ಹತ್ತಿರ ಕೇಳಿ ಕಲಿತು "ಎಲಿನಿಜೆ ಸಾಲಿಕ್" ಅಂದರು. ನಿಮ್ಮ ಕೈ ಚೆನ್ನಾಗಿರಲಿ ಅಂತ, ಅಡುಗೆ ಮಾಡಿದವರಿಗೆ ಅಲ್ಲಿ ಹೇಳುವ ಮಾತು.

ಆ ಮಾತು ನಿಮಗೂ ಸೇರಬೇಕು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತ ತಮ್ಮನಿಗೆ. ಮೂರು ತಿಂಗಳು ನನ್ನ ಕೆಲಸವನ್ನೂ ಸೇರಿಸಿ ಮಾಡಿದ ಆಫೀಸಿನ ಗೆಳತಿಯರಿಗೆ. ದಿನಾ ಮಧ್ಯಾಹ್ನ ರಸಂ ಕಳಿಸಿದ ಮೇಲಿನ ಮನೆ ಆಂಟಿಗೆ.

ಆಂಟಿ, ನಿಮ್ಮ ಸ್ಟೀಲ್ ಡಬ್ಬ ಇನ್ನೂ ನಮ್ಮ ಮನೆಯಲ್ಲೇ ಇದೆ. ಖಾಲಿ ಡಬ್ಬ ವಾಪಸ್ ಕೊಡಬಾರದು ಅಂತ ಅಮ್ಮ ಅದಕ್ಕೆ ಟರ್ಕಿಯ ಒಣ ಅಂಜೂರ ತುಂಬಿಟ್ಟಿದ್ದಾರೆ. ಭಾನುವಾರ ಅವರೇ ಮೆಟ್ಟಿಲು ಹತ್ತಿ ತಂದುಕೊಡುತ್ತಾರಂತೆ.