ಗೆಳೆಯನಿಗೊಂದು ಪತ್ರ: ಚೆನ್ನಾಗಿರುವ ದಿನಗಳ ಬಗ್ಗೆ

ಪ್ರೀತಿಯ ಭಟ್ಟ,

ಉಭಯ ಕುಶಲೋಪರಿ. ಒಬ್ಬ ವೈದ್ಯರು ದಿನವೂ ನಡೆಯಬೇಕು ಎನ್ನುತ್ತಾರೆ, ಇನ್ನೊಬ್ಬರು ದಣಿವು ಕಾಣಿಸಿಕೊಳ್ಳುವ ಮೊದಲೇ ಕುಳಿತುಕೊಳ್ಳಬೇಕು ಎನ್ನುತ್ತಾರೆ, ಹಾಗಾದರೆ ನೀನು ಯಾರ ಮಾತು ಕೇಳುತ್ತೀಯಾ ಎಂದು ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಬರೆದೇ ಉತ್ತರಿಸುತ್ತೇನೆ ಎಂದಿದ್ದೆ. ಇದೇ ಪ್ರಶ್ನೆಯನ್ನು ನೆಂಟರೂ ಸಹೋದ್ಯೋಗಿಗಳೂ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವುದರಿಂದ ಎಲ್ಲರೂ ಓದುವ ಹಾಗೆ ಇಲ್ಲಿಯೇ ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಬಸ್ಸಿನ ಕೊಡೆಯ ಪ್ರಕರಣವನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಇಬ್ಬರು ವೈದ್ಯರ ಮಾತೂ ಸರಿಯೇ. ನನ್ನ ಮೈಯಲ್ಲಿ ಎರಡು ಕಾಯಿಲೆಗಳು ಒಟ್ಟಿಗೆ ಮನೆ ಮಾಡಿರುವುದೇ ತೊಡಕು. ಒಂದು, ಮೈಯೆಲ್ಲ ದೀರ್ಘಕಾಲ ನೋಯುವ ಫೈಬ್ರೊಮಯಾಲ್ಜಿಯಾ. ಅದರ ಚಿಕಿತ್ಸೆಯ ಬಗ್ಗೆ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಪರಿಷ್ಕೃತ ಸಲಹೆಗಳಲ್ಲಿ ಬಲವಾದ ಶಿಫಾರಸು ದೊರೆತದ್ದು ವ್ಯಾಯಾಮಕ್ಕೆ ಮಾತ್ರ. ಯಾವ ಗುಳಿಗೆಗೂ ಆ ಸ್ಥಾನ ಸಿಗಲಿಲ್ಲ. ಇನ್ನೊಂದು, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಕರೆಯುವ ದೀರ್ಘಕಾಲದ ದಣಿವಿನ ಕಾಯಿಲೆ, ಅದರ ಸಂಗತಿ ಬೇರೆ. ಅದರಲ್ಲಿ ಮೈಯಾಗಲಿ ಮಿದುಳಾಗಲಿ ತನ್ನ ಮಿತಿಯನ್ನು ಮೀರಿ ದುಡಿದರೆ ಎಲ್ಲ ಲಕ್ಷಣಗಳೂ ಒಮ್ಮೆಲೇ ಉಲ್ಬಣಿಸುತ್ತವೆ, ಮತ್ತು ಆ ಉಲ್ಬಣ ಕೆಲವು ಗಂಟೆಗಳೋ ಒಂದೆರಡು ದಿನಗಳೋ ಕಳೆದ ಮೇಲೆ ಬಂದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ತನ್ನ ವರದಿಯಲ್ಲಿ ಇದನ್ನು ಕಾಯಿಲೆಯ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ಗುರುತಿಸಿತು. ಚಿಕಿತ್ಸೆಗಳಿಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ವ್ಯಾಯಾಮವನ್ನು ನಿಗದಿತ ಪ್ರಮಾಣದಲ್ಲಿ ಏರಿಸುತ್ತಾ ಹೋಗುವ ಚಿಕಿತ್ಸಾಕ್ರಮವನ್ನು ಈ ರೋಗಿಗಳಿಗೆ ಕೊಡಬಾರದು ಎಂದು ತನ್ನ ಹಳೆಯ ಸಲಹೆಯನ್ನೇ ಹಿಂತೆಗೆದುಕೊಂಡಿತು. ಹೀಗೆ ನೋವಿಗೆ ಬೇಕಾದ ಮದ್ದು ದಣಿವಿಗೆ ವಿಷವಾಗಬಹುದಾದ್ದರಿಂದ ನಾನು ಸಂಜೆ ನಮ್ಮ ಬೀದಿಯ ಕೊನೆಯವರೆಗೆ ಮಾತ್ರ ನಡೆದು, ಇನ್ನೂ ನಡೆಯಬಲ್ಲೆ ಎನಿಸುತ್ತಿರುವಾಗಲೇ ಹಿಂತಿರುಗುತ್ತೇನೆ.

ಈ ಮಿತಿ ಎಲ್ಲಿದೆ ಎಂಬುದು ಮೊದಲೇ ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಮಕ್ಕಳಿಗೆ ನಾನು ಹೇಳಿಕೊಡುವ, ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಷನ್‌ನಲ್ಲಿ ಕೊನೆಯ ಒಂದು ಹನಿ ಬಿದ್ದೊಡನೆ ದ್ರಾವಣ ಗುಲಾಬಿಯಾಗುತ್ತದೆ, ಕೈ ಅಲ್ಲಿಗೆ ನಿಲ್ಲುತ್ತದೆ. ನನ್ನ ಮೈಯಲ್ಲಾದರೋ ಆ ಹನಿ ಬಿದ್ದು ಎರಡು ದಿನಗಳಾದ ಮೇಲೆ ಬಣ್ಣ ಕಾಣಿಸುತ್ತದೆ.

ಕಾಯಿಲೆ ಇದೆ ಎನ್ನುವುದಕ್ಕೆ ಏನು ಸಾಕ್ಷಿ ಎಂದು ನಿನ್ನ ಮಾವನವರು ಕೇಳಿದ್ದರಂತೆ. ಅವರಿಗೆ ಗೌರವದಿಂದಲೇ ಹೇಳು: ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು, ಥೈರಾಯ್ಡ್ ಎಲ್ಲವೂ ಸರಿಯಾಗಿಯೇ ಇದ್ದವು, ಈ ಕಾಯಿಲೆಯಲ್ಲಿ ಹಾಗೆಯೇ ಇರುತ್ತವೆ, ಆ ಪರೀಕ್ಷೆಗಳನ್ನು ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. 1990ರ ಮಾನದಂಡದ ಪ್ರಕಾರ ಮೈಮೇಲಿನ 18 ನಿರ್ದಿಷ್ಟ ಬಿಂದುಗಳನ್ನು ಒತ್ತಿ ನೋಡಿ, ಕನಿಷ್ಠ 11ರಲ್ಲಿ ನೋವಿದ್ದರೆ ಫೈಬ್ರೊಮಯಾಲ್ಜಿಯಾ ಎನ್ನುತ್ತಿದ್ದರು. 2010ರಿಂದೀಚೆಗೆ ದೇಹದ 19 ಭಾಗಗಳಲ್ಲಿ ಎಷ್ಟರಲ್ಲಿ ನೋವಿದೆ ಎಂಬುದರ ಜೊತೆಗೆ ದಣಿವು, ಎದ್ದಾಗಲೂ ಆಯಾಸ ತೀರಿರದ ನಿದ್ದೆ, ನೆನಪಿನ ಮಬ್ಬು ಇವುಗಳಿಗೂ ಅಂಕ ಕೊಡುತ್ತಾರೆ, ಮತ್ತು ಇವೆಲ್ಲ ಮೂರು ತಿಂಗಳಾದರೂ ಇದ್ದಿರಬೇಕು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ಮತ್ತು ಆರೋಗ್ಯವಂತರ ಹೆಬ್ಬೆರಳ ಉಗುರನ್ನು ಒತ್ತುತ್ತಾ ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಚಿತ್ರ ತೆಗೆದರು. ಆರೋಗ್ಯವಂತರಿಗೆ ಲೆಕ್ಕಕ್ಕೇ ಬಾರದಷ್ಟು ಹಗುರವಾದ ಒತ್ತಡಕ್ಕೆ ರೋಗಿಗಳ ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತಿದ್ದವು. ಅದನ್ನು ಮೊದಲ ಸಲ ಓದಿದ ರಾತ್ರಿ ನಾನು ಅತ್ತೆ. ಯಾರೋ ನನ್ನ ಪರವಾಗಿ ಸಾಕ್ಷಿ ನುಡಿದ ಹಾಗಿತ್ತು.

ಈಗ ಕಾಲೇಜಿನ ವಿಷಯಕ್ಕೆ ಬರುತ್ತೇನೆ. ರಸಾಯನಶಾಸ್ತ್ರ ಕಲಿಸುವವನಿಗೆ ಕೈಯೆತ್ತಿ ಬೋರ್ಡಿನ ಮೇಲೆ ಬರೆಯುವುದು, ಒಂದು ಬ್ಯಾಚು ಮುಗಿದು ಇನ್ನೊಂದು ಬರುವ ತನಕ ಲ್ಯಾಬಿನಲ್ಲಿ ನಿಂತೇ ಇರುವುದು, ಇವೆರಡೂ ತಪ್ಪಿದ್ದಲ್ಲ. ಬರೆಯುವ ಕೆಲಸವನ್ನು ಪ್ರೊಜೆಕ್ಟರಿಗೆ ಒಪ್ಪಿಸಿದ್ದೇನೆ, ಲ್ಯಾಬಿನಲ್ಲಿ ಎತ್ತರದ ಸ್ಟೂಲು ಹಾಕಿಸಿಕೊಂಡಿದ್ದೇನೆ. ಪಾಠದ ಮಧ್ಯೆ ಬ್ಯುರೆಟ್ ಎಂಬ ಪದವೇ ನಾಲಿಗೆಗೆ ಬಾರದೆ ನಿಂತಾಗ ಮುಂದಿನ ಬೆಂಚಿನ ಹುಡುಗಿಯರು ಮೆಲ್ಲಗೆ ಹೇಳಿಕೊಡುತ್ತಾರೆ. ಅವರ ಆ ಸೌಜನ್ಯವನ್ನು ನಾನು ಎಂದೂ ಮರೆಯಲಾರೆ. ಆದರೆ ಇಂಥ ಅನುಕೂಲಗಳೆಲ್ಲ ಯಾರದೋ ಒಳ್ಳೆಯತನದ ಮೇಲೆ ನಿಂತಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪಾರ್ಕಿನ್‌ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಆದರೆ ನನ್ನ ಎರಡು ಕಾಯಿಲೆಗಳ ಹೆಸರೂ ಅದರಲ್ಲಿಲ್ಲ. ಕಾಗದದ ಬಲವಿಲ್ಲದವನು ನಂಬಿಕೆಯ ಬಲದಿಂದಲೇ ದಿನ ದೂಡಬೇಕಾಗುತ್ತದೆ, ಮತ್ತು ಆ ನಂಬಿಕೆಯನ್ನು ಪ್ರತಿದಿನವೂ ಹೊಸದಾಗಿ ಗಳಿಸಬೇಕಾಗುತ್ತದೆ.

ನಿನ್ನ ತಂಗಿಯ ಮಗಳ ಮದುವೆಯಲ್ಲಿ ನಾನು ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ನಗುತ್ತಿರುವ ಚಿತ್ರವನ್ನು ನೀನು ಫೇಸ್‌ಬುಕ್ಕಿನಲ್ಲಿ ಹಾಕಿದ್ದೆ. ಅದನ್ನು ತೆಗೆಯಲು ಹೇಳಿದಾಗ ಪಂಚೆ ಸರಿಯಾಗಿ ಕಾಣುತ್ತಿಲ್ಲ ಎಂಬ ಕಾರಣ ಕೊಟ್ಟಿದ್ದೆ. ನಿಜವಾದ ಕಾರಣ ಇದು: ಅದೇ ವಾರ ದ್ವಿತೀಯ ಪಿಯುಸಿ ಮೌಲ್ಯಮಾಪನದಿಂದ ವಿನಾಯಿತಿ ಕೋರಿ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟಿದ್ದೆ. ಬೆಳಗಿನಿಂದ ಸಂಜೆಯವರೆಗೆ ಕುಳಿತು ಉತ್ತರಪತ್ರಿಕೆ ನೋಡುವ ಆ ಕೆಲಸವನ್ನು ನಾನು ಇಷ್ಟಪಟ್ಟು ಮಾಡುತ್ತಿದ್ದವನು, ಅದನ್ನು ಬಿಡುವುದು ನನಗೂ ಹಗುರವಾದ ತೀರ್ಮಾನವಾಗಿರಲಿಲ್ಲ. ಸೋಮವಾರ ಸ್ಟಾಫ್ ರೂಮಿನಲ್ಲಿ ಒಬ್ಬರು, ಸರ್, ಮದುವೆಮನೆಯಲ್ಲಿ ಬಹಳ ಲವಲವಿಕೆಯಿಂದ ಓಡಾಡುತ್ತಿದ್ದಿರಂತೆ ಎಂದರು. ಅವರ ದನಿಯಲ್ಲಿ ಕೆಡುಕಿರಲಿಲ್ಲ. ಅವರು ಹೋಳಿಗೆಯ ಪಾತ್ರೆಯನ್ನು ಕಂಡಿದ್ದರು. ಮದುವೆಯ ಮರುದಿನ ನನ್ನಿಂದ ಹಲ್ಲುಜ್ಜುವ ಬ್ರಷ್ಷನ್ನೂ ಎತ್ತಲಾಗದ್ದು ಅವರಿಗೆ ಹೇಗೆ ತಾನೇ ಕಾಣಬೇಕು?

ಆ ಮಾತಿನ ನಂತರ ನನ್ನಲ್ಲಿ ಒಂದು ಬದಲಾವಣೆ ಬಂದಿದೆ, ಭಟ್ಟ, ಮತ್ತು ಇತ್ತೀಚೆಗಷ್ಟೇ ಅದು ನನ್ನ ಗಮನಕ್ಕೆ ಬಂತು. ಮೈ ಹಗುರವಾಗಿರುವ ದಿನಗಳನ್ನು ನಾನು ಅಡಗಿಸಿಡತೊಡಗಿದ್ದೇನೆ. ಅಂಥ ಬೆಳಿಗ್ಗೆಯೂ ಕಾಲೇಜಿನ ಮೆಟ್ಟಿಲಿನ ಕಂಬಿಯನ್ನು ಹಿಡಿದೇ ಹತ್ತುತ್ತೇನೆ. ಗಟ್ಟಿಯಾಗಿ ನಗು ಬಂದರೆ ಸುತ್ತ ಯಾರಿದ್ದಾರೆ ಎಂದು ನೋಡುತ್ತೇನೆ. ಇಂದು ಚೆನ್ನಾಗಿ ಕಂಡರೆ ನಾಳೆ ಬಿದ್ದಾಗ ಯಾರೂ ನಂಬಲಾರರು ಎಂಬ ಲೆಕ್ಕಾಚಾರ ನನ್ನೊಳಗೆ ಸದಾ ನಡೆದೇ ಇರುತ್ತದೆ, ಮತ್ತು ಆ ಲೆಕ್ಕಾಚಾರವೂ ದಣಿಸುತ್ತದೆ.

ಕಾಲೇಜಿನಲ್ಲಿ ಇದಕ್ಕೊಂದು ಅರ್ಥವಾದರೂ ಇದೆ. ಮನೆಯಲ್ಲಿಯೂ ಹೀಗೆಯೇ ಮಾಡುತ್ತಿದ್ದೇನಲ್ಲ, ಅದು ಏಕೆ? ನೋವಿಲ್ಲದೆ ಎಚ್ಚರವಾದ ಬೆಳಿಗ್ಗೆ ನಾನು ಕೂಡಲೇ ಏಳುವುದಿಲ್ಲ. ನಾನು ಸಲೀಸಾಗಿ ಎದ್ದು ಅಡುಗೆಮನೆಗೆ ಹೋದರೆ ನನ್ನ ಹೆಂಡತಿಯ ಮುಖದಲ್ಲಿ ಒಂದು ಬೆಳಕು ಮೂಡುತ್ತದೆ. ಹೊಸ ಗುಳಿಗೆ ಹಿಡಿಸಿತೇನೋ, ಇನ್ನು ಮೇಲೆ ಹೀಗೆಯೇ ಇರುತ್ತದೇನೋ ಎಂಬ ಆಸೆ ಅದು. ಎರಡು ದಿನ ಬಿಟ್ಟು ಆ ಬೆಳಕು ಆರುವುದನ್ನು ನೋಡುವುದಕ್ಕಿಂತ ಅದು ಮೂಡದೇ ಇರಲಿ ಎಂದು ನಾನು ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತೇನೆ. ಇನ್ನೂ ಒಂದು ಮಾತಿದೆ, ಅದನ್ನು ವೈದ್ಯರ ಮುಂದೆಯೂ ಆಡಿಲ್ಲ. ಕುರ್ಚಿಯಿಂದ ಏಳುವಾಗ ಬಾಯಿಂದ ಹೊರಡುವ ನರಳಿಕೆ ಆ ಕ್ಷಣದ ನೋವಿನದೋ, ನೋವು ಇದ್ದಿರಲೇಬೇಕು ಎಂಬ ನನ್ನ ಅಭ್ಯಾಸದ್ದೋ, ಕೆಲವು ದಿನ ನನಗೇ ಗೊತ್ತಾಗುವುದಿಲ್ಲ. ನೋವು ನಿಜ, ಅದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಅದನ್ನು ನಂಬಿಸುವ ಕೆಲಸ ಮಾಡುತ್ತಾ ಮಾಡುತ್ತಾ ನನ್ನ ಚೆನ್ನಾಗಿರುವ ಗಂಟೆಗಳು ನನ್ನ ಕೈತಪ್ಪಿ ಹೋಗುತ್ತಿವೆ ಎಂಬ ಭಯ ಹತ್ತಿದೆ, ಮೊದಲೇ ಅವು ಹೆಚ್ಚಿಲ್ಲ.

ವ್ಯಾಯಾಮದ ಪ್ರಶ್ನೆಗೆ ಉತ್ತರಿಸಲು ಕುಳಿತವನು ಎಲ್ಲಿಗೋ ಬಂದುಬಿಟ್ಟೆ. ಇಷ್ಟನ್ನು ಬಿಚ್ಚಿಡುವ ಉದ್ದೇಶ ನನಗಿರಲಿಲ್ಲ, ಅಳಿಸೋಣವೆಂದು ಎರಡು ಸಲ ಮೇಲಿಂದ ಓದಿದೆ. ಅಷ್ಟರಲ್ಲಿ ಹೆಂಡತಿ ಕಾಫಿ ತಂದು ಹಿಂದೆ ನಿಂತು ಓದಿಬಿಟ್ಟಳು, ಓದಿ ಏನೂ ಹೇಳದೆ ಒಳಗೆ ಹೋದಳು. ಈಗ ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿದೆ, ಅದು ಒಳ್ಳೆಯ ಲಕ್ಷಣ ಎಂದು ನಿನಗೂ ಗೊತ್ತು.

ಇರಲಿ, ಸಂತೋಷದ ಮಾತಿಗೆ ಬರೋಣ. ದಸರೆ ರಜೆಗೆ ಬರುತ್ತೇನೆ ಎಂದಿದ್ದೀಯಲ್ಲ, ದಯವಿಟ್ಟು ಬೆಳಗಿನ ಬಸ್ಸಿಗೇ ಬಾ. ಊಟದ ನಂತರ ನಾಲ್ಕು ಗಂಟೆಯವರೆಗೆ ನಾನು ಮಲಗಿರುತ್ತೇನೆ, ಆ ಹೊತ್ತಿನಲ್ಲಿ ನಿನಗೆ ಬೇಸರವಾಗದಿರಲೆಂದು ಮೂಲೆಮನೆಯ ಶಾನುಭೋಗರಿಗೆ ನೀನು ಬರುವ ವಿಷಯ ತಿಳಿಸಿದ್ದೇನೆ. ಅವರು ಆಗಲೇ ಕೇರಂ ಬೋರ್ಡಿಗೆ ಪೌಡರು ತರಿಸಿದ್ದಾರೆ. ಅಶ್ವಗಂಧದ ಡಬ್ಬಿ ತರಬೇಡ, ಮನೆಯಲ್ಲಿ ಅಂಗಡಿಯಿಡುವಷ್ಟು ಇದೆ. ನಿಮ್ಮ ಅಮ್ಮ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾತ್ರ ಮರೆಯದೆ ತಾ, ಮತ್ತು ಈ ಸಲ ಅದರ ಡಬ್ಬಿಯನ್ನು ಯಾರ ಕೈಗೂ ಕೊಡದೆ ನಿನ್ನ ಮಡಿಲಿನಲ್ಲಿಯೇ ಇಟ್ಟುಕೊಂಡು ಕುಳಿತುಕೋ. ಕಳೆದ ಸಲ ಏನಾಯಿತೆಂದು ನಮ್ಮಿಬ್ಬರಿಗೂ ಆ ಕಂಡಕ್ಟರಿಗೂ ಚೆನ್ನಾಗಿ ನೆನಪಿದೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ,
ಸೀನ